ಎಣಿಕೆ ಮತ್ತು ಅರ್ಥ: ಕೊಳ್ಳೇಗಾಲ ಸೀಮೆಯ ಮೌಖಿಕ ಕಾವ್ಯ ಹಾಗೂ ಪತ್ರಿಕಾ ಪಠ್ಯಗಳ ವಿಶ್ಲೇಷಣಾ ವಿಧಾನಗಳು

ಸಂವಹನ ಸಂಶೋಧನೆಯಲ್ಲಿ ಪಠ್ಯ ವಿಶ್ಲೇಷಣೆಗೆ ಪರಿಮಾಣಾತ್ಮಕ ಮತ್ತು ಗುಣಾತ್ಮಕ ಎಂಬ ಎರಡು ಮಾರ್ಗಗಳನ್ನು ಹೇಳುವುದು ವಾಡಿಕೆ. ಪಠ್ಯದಲ್ಲಿ ಏನು, ಎಷ್ಟು ಬಾರಿ, ಎಷ್ಟು ಪ್ರಮಾಣದಲ್ಲಿ ಬಂದಿದೆ ಎಂದು ಎಣಿಸಿ ಹೇಳುವುದು ಮೊದಲನೆಯದು. ಬಂದದ್ದು ಯಾವ ಸಂದರ್ಭದಲ್ಲಿ, ಯಾರ ಬಾಯಲ್ಲಿ, ಯಾವ ಅರ್ಥದಲ್ಲಿ ಬಂದಿದೆ ಎಂದು ವಿವರಿಸುವುದು ಎರಡನೆಯದು. ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳಲ್ಲಿ ಮೊದಲನೆಯದಕ್ಕೂ ಜಾನಪದ ವಿಭಾಗಗಳಲ್ಲಿ ಎರಡನೆಯದಕ್ಕೂ ಹೆಚ್ಚಿನ ಮನ್ನಣೆ ದೊರೆತಿದ್ದು, ಇವೆರಡೂ ಒಂದೇ ಪಠ್ಯದ ಮುಂದೆ ಎದುರುಬದುರಾಗಿ ಕುಳಿತ ಸಂದರ್ಭಗಳು ವಿರಳ. ಅಂಥದೊಂದು ಮುಖಾಮುಖಿಗೆ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಷ್ಟು ಒದಗಿಬರುವ ಪ್ರದೇಶ ಕರ್ನಾಟಕದಲ್ಲಿ ಮತ್ತೊಂದು ಇರಲಾರದು ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಕಾರಣ ಸ್ಪಷ್ಟ. ಹನೂರು ತಾಲ್ಲೂಕಿನ ಮಲೆಯಲ್ಲಿ ಮಾದೇಶ್ವರನಿದ್ದಾನೆ. ಆತನ ಕಥೆಯನ್ನು ಕಂಸಾಳೆ ಹಿಡಿದ ದೇವರಗುಡ್ಡರು ಹಾಡುತ್ತಾರೆ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆಯಿದೆ. ಆತನ ಗುರು ಮಂಟೇಸ್ವಾಮಿಯ ಕಥೆಯನ್ನು ತಂಬೂರಿ ಹಿಡಿದ ನೀಲಗಾರರು ಹಾಡುತ್ತಾರೆ. ಯಳಂದೂರು ತಾಲ್ಲೂಕಿನ ಬಿಳಿಗಿರಿಯಲ್ಲಿ ರಂಗನಾಥನಿದ್ದಾನೆ. ತಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬ ಕಾರಣಕ್ಕೆ ಸೋಲಿಗರು ಆತನನ್ನು ಭಾವನೆಂದು ಕರೆದು ಹಾಡಿಕೊಳ್ಳುತ್ತಾರೆ. ಷಡಕ್ಷರದೇವ ಮತ್ತು ಸಂಚಿಯ ಹೊನ್ನಮ್ಮರ ಲಿಖಿತ ಕಾವ್ಯ ಪರಂಪರೆಯೂ ಇದೇ ಯಳಂದೂರಿನೊಡನೆ ಬೆಸೆದುಕೊಂಡಿದೆ. ಇವೆಲ್ಲದರ ಜೊತೆಗೆ, ಪ್ರತಿವರ್ಷ ಜಾತ್ರೆಯ ಕಾಲದಲ್ಲಿ ಈ ದೈವಗಳ ಕುರಿತು ದಿನಪತ್ರಿಕೆಗಳು ಬರೆಯುತ್ತವೆ. ಹೀಗೆ ಬಾಯಿಮಾತಿನ ಪಠ್ಯ, ಅಚ್ಚಿನ ಪಠ್ಯ, ಸುದ್ದಿಯ ಪಠ್ಯ ಮೂರೂ ಒಂದೇ ವಸ್ತುವಿನ ಸುತ್ತ ಸುಳಿಯುವುದರಿಂದ ವಿಧಾನಗಳ ಬಲಾಬಲವನ್ನು ಇಲ್ಲಿ ಒರೆಗೆ ಹಚ್ಚಬಹುದು.

ಬರ್ನಾರ್ಡ್ ಬೆರೆಲ್‌ಸನ್ 1952ರಲ್ಲಿ ಪ್ರಕಟಿಸಿದ, ಸಂವಹನ ಸಂಶೋಧನೆಯಲ್ಲಿ ವಸ್ತು ವಿಶ್ಲೇಷಣೆ ಕುರಿತ ಗ್ರಂಥವು ಪರಿಮಾಣಾತ್ಮಕ ಮಾರ್ಗಕ್ಕೆ ಶಾಸ್ತ್ರೀಯ ರೂಪ ನೀಡಿತು. ಸಂವಹನದ ಪ್ರಕಟ ವಸ್ತುವನ್ನು ವಸ್ತುನಿಷ್ಠವಾಗಿ, ಕ್ರಮಬದ್ಧವಾಗಿ, ಪರಿಮಾಣಾತ್ಮಕವಾಗಿ ವರ್ಣಿಸುವುದೇ ವಸ್ತು ವಿಶ್ಲೇಷಣೆ ಎಂಬುದು ಆತನ ನಿಲುವು. ಇಲ್ಲಿ 'ಪ್ರಕಟ' ಎಂಬ ಮಾತು ಮುಖ್ಯ. ಪಠ್ಯದ ಮೇಲ್ಮೈಯಲ್ಲಿ ಕಾಣುವುದನ್ನಷ್ಟೇ ಎಣಿಸಬೇಕು, ಒಳಗೆ ಅಡಗಿದ್ದನ್ನು ಊಹಿಸಬಾರದು ಎಂಬ ಎಚ್ಚರ ಅದರಲ್ಲಿದೆ. ಅದೇ ಸುಮಾರಿಗೆ ಸೀಗ್‌ಫ್ರೀಡ್ ಕ್ರಕಾವರ್ ಇದಕ್ಕೆ ಆಕ್ಷೇಪವೆತ್ತಿ, ಬಿಡಿಬಿಡಿಯಾಗಿ ಎಣಿಸಿದ ಕ್ಷಣದಲ್ಲಿಯೇ ಪಠ್ಯದ ಸಮಗ್ರತೆ ಒಡೆದುಹೋಗುತ್ತದೆಂದು ವಾದಿಸಿದನು. ಈ ವಾಗ್ವಾದ ಇನ್ನೂ ತೀರಿಲ್ಲ. 1980ರಲ್ಲಿ ಕ್ಲಾಸ್ ಕ್ರಿಪೆನ್‌ಡಾರ್ಫ್ ಪಠ್ಯದಿಂದ ಅದರ ಸಂದರ್ಭದ ಕುರಿತು ಅನುಮಾನ ಮಾಡುವ ಕ್ರಮವೆಂದು ವಸ್ತು ವಿಶ್ಲೇಷಣೆಯನ್ನು ಮರುನಿರೂಪಿಸಿದ ಮೇಲೆ ಎರಡು ಪಕ್ಷಗಳ ನಡುವಣ ಗೋಡೆ ತಗ್ಗಿತು ಎಂದಷ್ಟೇ ಹೇಳಬಹುದು.

ಈ ವಿಧಾನದ ಇತಿಹಾಸವನ್ನು ಸಾಮಾನ್ಯವಾಗಿ ಪತ್ರಿಕೆಗಳ ಅಂಕಣ ಅಳತೆಯಿಂದ ಅಥವಾ ಎರಡನೆಯ ಮಹಾಯುದ್ಧ ಕಾಲದ ಪ್ರಚಾರ ಸಾಹಿತ್ಯದ ಅಧ್ಯಯನದಿಂದ ಆರಂಭಿಸುತ್ತಾರೆ. ಆದರೆ ಅದಕ್ಕೂ ಬಹು ಹಿಂದೆ, ಹದಿನೆಂಟನೆಯ ಶತಮಾನದ ಸ್ವೀಡನ್ನಿನಲ್ಲಿ ನಡೆದ ಎಣಿಕೆಯೊಂದನ್ನು ಕ್ರಿಪೆನ್‌ಡಾರ್ಫ್ ಸ್ಮರಿಸುತ್ತಾನೆ. ಜಿಯಾನಿನ ಗೀತೆಗಳೆಂಬ 90 ಭಕ್ತಿಗೀತೆಗಳ ಸಂಕಲನವು ಅಧಿಕೃತ ಧರ್ಮಪೀಠದ ಬೋಧನೆಗೆ ವಿರುದ್ಧವಾಗಿದೆಯೆಂಬ ಆರೋಪ ಬಂದಾಗ, ಪಂಡಿತರು ಆ ಗೀತೆಗಳಲ್ಲಿಯ ಧಾರ್ಮಿಕ ಸಂಕೇತಗಳನ್ನೂ ಅಧಿಕೃತ ಗೀತೆಗಳಲ್ಲಿಯ ಸಂಕೇತಗಳನ್ನೂ ಎಣಿಸಿ ಹೋಲಿಸಿದರು. ವ್ಯತ್ಯಾಸ ಕಾಣಲಿಲ್ಲ. ಆಗ ಎದುರು ಪಕ್ಷದವರು, ಪದ ಅದೇ ಆದರೂ ಅದು ಬಳಕೆಯಾದ ಸಂದರ್ಭ ಬೇರೆ ಎಂದರು. ಜನಸಾಮಾನ್ಯರ ಹಾಡಿನ ಮೇಲೆ ಹೊರಿಸಿದ ಆರೋಪವೊಂದರ ವಿಚಾರಣೆಯಲ್ಲಿ ಈ ಎಣಿಕೆ ನಡೆಯಿತೆಂಬುದು ನಮಗೆ ಗಮನಾರ್ಹ. ಚಿಕ್ಕಲ್ಲೂರಿನ ಪ್ರಸ್ತಾಪ ಬಂದಾಗ ಇದನ್ನು ಮತ್ತೆ ನೆನೆಯಬೇಕಾಗುತ್ತದೆ.

ಎಣಿಸುವುದು ಯಾವ ಪಠ್ಯವನ್ನು?

ಮಾದೇಶ್ವರ ಕಾವ್ಯದ ಮುದ್ರಿತ ರೂಪಗಳಲ್ಲಿ ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ 'ಮಲೆಯ ಮಾದೇಶ್ವರ' (1973) ಹಾಗೂ ಕೆ. ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯ ಮತ್ತು ತಂಡದವರಿಂದ ಸಂಗ್ರಹಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಆವೃತ್ತಿ (1997) ಪ್ರಮುಖವಾದವು. ಎರಡನೆಯದನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದಿದ್ದು ಸಾಹಿತ್ಯ ಅಕಾದೆಮಿ 2001ರಲ್ಲಿ ಅದನ್ನು ಪ್ರಕಟಿಸಿದೆ. ಮಂಟೇಸ್ವಾಮಿ ಕಾವ್ಯದ ಹಿ.ಚಿ. ಬೋರಲಿಂಗಯ್ಯನವರ ಆವೃತ್ತಿಯೂ 1997ರಲ್ಲಿ ಕನ್ನಡ ವಿಶ್ವವಿದ್ಯಾಲಯದಿಂದಲೇ ಬಂದಿತು. ಇವು ಕನ್ನಡ ಜಾನಪದದ ದೊಡ್ಡ ಗಳಿಕೆಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಎಣಿಕೆಗೆ ಕೂರುವ ಸಂಶೋಧಕನು ಪುಸ್ತಕವನ್ನು ಕೈಗೆತ್ತಿಕೊಂಡೊಡನೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ತಾನು ಎಣಿಸುತ್ತಿರುವುದು ಗಾಯಕನ ಪದಗಳನ್ನೋ, ಸಂಪಾದಕನ ಪದಗಳನ್ನೋ?

ಪ್ರದರ್ಶನದಲ್ಲಿ ಮುಮ್ಮೇಳದವನು ಒಂದು ಸಾಲು ಹೇಳುತ್ತಾನೆ, ಹಿಮ್ಮೇಳದವರು ಅದನ್ನೋ ಅದರ ಕೊನೆಯ ಭಾಗವನ್ನೋ ಎತ್ತಿಕೊಳ್ಳುತ್ತಾರೆ. ಸೊಲ್ಲು ಮತ್ತೆ ಮತ್ತೆ ಮರಳುತ್ತದೆ. ನಡುವೆ ಹಾಡು ನಿಂತು ಮಾತು ಬರುತ್ತದೆ, ಮಾತು ಮತ್ತೆ ಹಾಡಾಗುತ್ತದೆ. ಅಚ್ಚಿಗೆ ಕೊಡುವಾಗ ಸಂಪಾದಕನು ಪುನರಾವೃತ್ತಿಯನ್ನು ಕತ್ತರಿಸುವುದು ಸಹಜವೂ ಹೌದು, ಕಾಗದದ ಬೆಲೆಯ ದೃಷ್ಟಿಯಿಂದ ಅನಿವಾರ್ಯವೂ ಹೌದು. ಆದರೆ ಹೀಗೆ ಕತ್ತರಿಸಿದ ಪಠ್ಯದಲ್ಲಿ 'ಮಾದಪ್ಪ' ಎಂಬ ಹೆಸರು ಎಷ್ಟು ಬಾರಿ ಬಂದಿದೆ ಎಂದು ಎಣಿಸಿದರೆ ದೊರೆಯುವ ಸಂಖ್ಯೆ ರಾತ್ರಿಯ ಹಾಡಿಗೆ ಸಂಬಂಧಿಸಿದ್ದಲ್ಲ. ದೇವರಗುಡ್ಡನಿಗೆ ಆ ಹೆಸರನ್ನು ಮತ್ತೆ ಮತ್ತೆ ಹೇಳುವುದೇ ಸೇವೆ. ಸಂಪಾದಕನಿಗೆ ಅದು ಪುನರುಕ್ತಿ. ಆದುದರಿಂದ ಆವೃತ್ತಿಯ ಪ್ರಸ್ತಾವನೆಯಲ್ಲಿ ಪುನರಾವೃತ್ತಿಯನ್ನು ಹೇಗೆ ನಿರ್ವಹಿಸಲಾಗಿದೆ ಎಂಬ ವಿವರವನ್ನು ಓದದೆ ಯಾವ ಆವೃತ್ತಿ ಸಂಖ್ಯೆಯನ್ನೂ ಉಲ್ಲೇಖಿಸಬಾರದು.

ಇದೇ ನಾಡಿನ ಮತ್ತೊಂದು ಮೂಲೆಯಿಂದ ಹೋಲಿಕೆಯೊಂದನ್ನು ತರಬಹುದು. ಫಿನ್ಲೆಂಡಿನ ಲೌರಿ ಹಾಂಕೊ ತುಳುನಾಡಿನ ವಿದ್ವಾಂಸರೊಡಗೂಡಿ ಗೋಪಾಲ ನಾಯ್ಕರಿಂದ 1990ರ ಡಿಸೆಂಬರಿನಲ್ಲಿ ದಾಖಲಿಸಿದ ಸಿರಿ ಕಾವ್ಯವು 1998ರಲ್ಲಿ ಪ್ರಕಟವಾದಾಗ 15,683 ಸಾಲುಗಳಷ್ಟಿತ್ತು. ಈ ಸಂಖ್ಯೆ ವಿದ್ವತ್ ಲೋಕದ ಗಮನ ಸೆಳೆಯಿತು, ಸರಿ. ಆದರೆ ಹಾಂಕೊ ಅವರ ನಿಜವಾದ ಕೊಡುಗೆ ಆ ಸಂಖ್ಯೆಯಲ್ಲ. ಸಾಲು ಎಂದರೇನು, ದಾಖಲಾತಿಗಾಗಿ ಹಾಡಿದ್ದಕ್ಕೂ ಆಚರಣೆಯಲ್ಲಿ ಹಾಡಿದ್ದಕ್ಕೂ ಏನು ವ್ಯತ್ಯಾಸ, ಗಾಯಕನ ಮನಸ್ಸಿನಲ್ಲಿರುವ ಪಠ್ಯ ಯಾವ ಬಗೆಯದು ಎಂಬ ಪ್ರಶ್ನೆಗಳಿಗೆ ಅವರು ಒಂದು ಇಡೀ ಸಂಪುಟವನ್ನು ಮೀಸಲಿಟ್ಟದ್ದು. ನಮ್ಮ ಗಾಯಕರಿಗಾದರೋ 'ಸಾಲು' ಎಂದರೆ ಪಂಕ್ತಿಯೇ ಅಲ್ಲ, ಕಥೆಯ ಒಂದು ಇಡೀ ಭಾಗ: ಸಾವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಗಾಯಕನು ರಾತ್ರಿಯನ್ನು ಅಳೆಯುವುದು ಈ ಮಾನದಿಂದ. ವಿಶ್ಲೇಷಣೆಯ ಘಟಕವನ್ನು ಆರಿಸುವಾಗ ಪರಂಪರೆಯೇ ಕೊಟ್ಟಿರುವ ಈ ಘಟಕವನ್ನು ಬದಿಗೊತ್ತಿ ಪಂಕ್ತಿಯನ್ನೋ ಪುಟವನ್ನೋ ಹಿಡಿಯುವುದಕ್ಕೆ ಬಲವಾದ ಕಾರಣ ಬೇಕು.

ಗಣಕದ ನೆರವಿನಿಂದ ಎಣಿಸುವವರಿಗೆ ಇನ್ನೂ ಕೆಲವು ತೊಡಕುಗಳಿವೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವುದರಿಂದ ಮಾದಪ್ಪ, ಮಾದಪ್ಪನ, ಮಾದಪ್ಪನಿಗೆ, ಮಾದಪ್ಪನೇ ಎಂಬ ರೂಪಗಳನ್ನು ಯಂತ್ರವು ನಾಲ್ಕು ಬೇರೆ ಪದಗಳೆಂದು ತಿಳಿಯುತ್ತದೆ. ಇಂಗ್ಲಿಷಿನ ಪಠ್ಯಗಳಿಗಾಗಿ ರೂಪಿಸಿದ ಪದವೈವಿಧ್ಯದ ಅಳತೆಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಿದರೆ, ಸೂತ್ರಬದ್ಧವಾದ ಮೌಖಿಕ ಕಾವ್ಯವೂ ಅಪಾರ ಪದಸಂಪತ್ತಿನದೆಂಬಂತೆ ತೋರಿಬಿಡುತ್ತದೆ. ಅದರ ಮೇಲೆ ಈ ಸೀಮೆಯ ಆಡುನುಡಿಯ ಸಮಸ್ಯೆ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಮಾದೇಶ್ವರನು ಮಾದೇವನೂ ಮಾದಪ್ಪನೂ ಆಗುತ್ತಾನೆ. ಒಬ್ಬ ಲಿಪಿಕಾರನು ಕೇಳಿದಂತೆ ಬರೆದರೆ ಇನ್ನೊಬ್ಬನು ತಿದ್ದಿ ಬರೆಯುತ್ತಾನೆ. ಇದಲ್ಲದೆ, ಯೂನಿಕೋಡ್ ಬಳಕೆ ಹರಡುವ ಮೊದಲು ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳನ್ನು ಪರಿವರ್ತಿಸದೆ ಹುಡುಕಲು ಸಾಧ್ಯವಿಲ್ಲ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಡುವುದುಂಟು. ಇವು ಪರಿಹರಿಸಬಹುದಾದ ಸಮಸ್ಯೆಗಳೇ. ಸಮಾನರೂಪಗಳ ಪಟ್ಟಿಯೊಂದನ್ನು ಮೊದಲೇ ಸಿದ್ಧಪಡಿಸಿ ಫಲಿತಾಂಶದೊಡನೆ ಪ್ರಕಟಿಸಿದರೆ ಸಾಕು. ಪಟ್ಟಿಯಿಲ್ಲದ ಎಣಿಕೆಯನ್ನು ಮತ್ತೊಬ್ಬರು ಪರೀಕ್ಷಿಸಲಾರರು.

ಪದ ಒಂದೇ, ನಿಲುವು ಬೇರೆ

ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಭಾಗವನ್ನು ತೆಗೆದುಕೊಳ್ಳೋಣ. ಬೆರೆಲ್‌ಸನ್ ಮಾರ್ಗದಲ್ಲಿ ನಡೆಯುವ ಸಂಶೋಧಕನು ಇಲ್ಲಿ ಕಲ್ಯಾಣ, ಶರಣ, ಜಂಗಮ, ಬಸವಣ್ಣ, ನೀಲಮ್ಮ ಎಂಬ ಪದಗಳನ್ನು ಎಣಿಸಿದನೆಂದಿಟ್ಟುಕೊಳ್ಳಿ. ಅವು ಹೇರಳವಾಗಿ ದೊರೆಯುತ್ತವೆ. ಇದರ ಆಧಾರದ ಮೇಲೆ, ಕಾವ್ಯವು ಕಲ್ಯಾಣದ ಶರಣ ಪರಂಪರೆಯ ಪ್ರಶಂಸೆಯೆಂದು ಆತ ತೀರ್ಮಾನಿಸಿದರೆ ಎಣಿಕೆಯಲ್ಲಿ ತಪ್ಪೇನೂ ಇಲ್ಲ. ಆದರೂ ತೀರ್ಮಾನ ತಲೆಕೆಳಗು. ಕಥೆಯಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ನೋಡಿದವರಿಗೆ ಹೇಸಿಗೆ ಹುಟ್ಟಿಸುವ ವೇಷದಲ್ಲಿ, ಅಲ್ಲಿಯ ಶರಣರನ್ನು ಪರೀಕ್ಷಿಸಲೆಂದು. ಬಾಗಿಲಲ್ಲೇ ತಡೆಯುವವರೂ ಶರಣರೇ, ಪರೀಕ್ಷೆಯಲ್ಲಿ ಸೋಲುವವರೂ ಶರಣರೇ. ಬಸವಣ್ಣ ಮತ್ತು ನೀಲಮ್ಮ ಮಾತ್ರ ಗುರುತಿಸುತ್ತಾರೆ. ಹನ್ನೆರಡನೆಯ ಶತಮಾನದ ಆಂದೋಲನವೊಂದು ತನ್ನ ಮಾತನ್ನು ತಾನೇ ಮರೆತಿತೆಂಬ ಟೀಕೆಯನ್ನು, ಆ ಆಂದೋಲನದ ಶಬ್ದಗಳಿಂದಲೇ ಈ ಕಾವ್ಯ ಹೆಣೆಯುತ್ತದೆ. ಎಚ್.ಎಸ್. ಶಿವಪ್ರಕಾಶರು 'ಮಂಟೇಸ್ವಾಮಿ ಕಥಾ ಪ್ರಸಂಗ'ವೆಂಬ ನಾಟಕ ಬರೆಯಲು ಈ ಕಥೆಯತ್ತ ತಿರುಗಿದ್ದು ಆಕಸ್ಮಿಕವೆಂದು ತೋರುವುದಿಲ್ಲ.

ಹಾಗೆಂದು ಎಣಿಕೆಯನ್ನು ತಳ್ಳಿಹಾಕಬೇಕಿಲ್ಲ. ಪದವನ್ನು ಅದರ ಎಡಬಲದ ಪದಗಳೊಡನೆ ಎತ್ತಿ ಪಟ್ಟಿ ಮಾಡುವ, ಪ್ರತಿ ಪ್ರಯೋಗವೂ ಯಾರ ಬಾಯಲ್ಲಿ ಬಂದಿದೆ ಎಂಬುದನ್ನು ಗುರುತಿಸುವ ಎಣಿಕೆ ಬೇರೆಯದೇ ಫಲ ನೀಡುತ್ತದೆ. 'ಶರಣ' ಎಂಬುದು ಗಾಯಕನ ಕಥನದಲ್ಲಿ ಎಷ್ಟು, ಮಂಟೇಸ್ವಾಮಿಯ ವ್ಯಂಗ್ಯದಲ್ಲಿ ಎಷ್ಟು, ಶರಣರ ಆತ್ಮಪ್ರಶಂಸೆಯಲ್ಲಿ ಎಷ್ಟು ಎಂದು ವಿಂಗಡಿಸಿದಾಗ ಸಂಖ್ಯೆಯೇ ವಿಮರ್ಶೆಯ ಕೆಲಸ ಮಾಡತೊಡಗುತ್ತದೆ. ಇಲ್ಲಿ ಗಮನಿಸಬೇಕಾದುದು ಏನೆಂದರೆ, ಈ ವಿಂಗಡಣೆ ಮಾಡಲು ಕಥೆಯನ್ನು ಮೊದಲೇ ಗುಣಾತ್ಮಕವಾಗಿ ಓದಿರಬೇಕು. ವ್ಯಂಗ್ಯವನ್ನು ಯಂತ್ರ ಗುರುತಿಸಲಾರದು. ಕೆಲವು ವೇಳೆ ಗ್ರಂಥಾಲಯದಲ್ಲಿ ಕುಳಿತ ಓದುಗನೂ ಗುರುತಿಸಲಾರ, ಏಕೆಂದರೆ ಅದು ಇರುವುದು ಗಾಯಕನ ದನಿಯಲ್ಲಿ. 1964ರಲ್ಲಿ ಅಲನ್ ಡಂಡಸ್ ಜಾನಪದವನ್ನು ಬಂಧ, ಪಠ್ಯ, ಸಂದರ್ಭ ಎಂಬ ಮೂರು ಸ್ತರಗಳಲ್ಲಿ ವಿವರಿಸಬೇಕೆಂದು ಹೇಳಿದ್ದು ಇದಕ್ಕಾಗಿಯೇ.

ಸಂಕಮ್ಮನ ಸಾಲು ಇನ್ನೂ ಸೂಕ್ಷ್ಮವಾದ ಉದಾಹರಣೆ. ನೀಲೇಗೌಡ ಜೇನಿಗೆಂದು ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಶೀಲದ ಬಗ್ಗೆ ಶಂಕಿಸಿ ಆಣೆಭಾಷೆ ಕೇಳುತ್ತಾನೆ. ಆಕೆ ಕೊಡಲೊಲ್ಲಳು. ಅದಕ್ಕಾಗಿ ಆತ ಕೊಡುವ ಹಿಂಸೆ, ಆಕೆ ಮಾದೇಶ್ವರನನ್ನು ನೆನೆಯುವುದು, ಕಾರಯ್ಯ ಬಿಲ್ಲಯ್ಯರ ಹುಟ್ಟು ಇವು ಈ ಸಾಲಿನ ಮುಖ್ಯ ಘಟ್ಟಗಳು. ಸಂವಹನ ಸಂಶೋಧನೆಯಲ್ಲಿ ಹೆಣ್ಣಿನ ಪ್ರಾತಿನಿಧ್ಯವನ್ನು ಅಳೆಯಲು ಪಾತ್ರಗಳು ಮಾತನಾಡುವ ಸರದಿಗಳನ್ನೂ ಮಾತಿನ ಉದ್ದವನ್ನೂ ಎಣಿಸುವ ರೂಢಿಯಿದೆ. ಈ ಸಾಲಿಗೆ ಅದನ್ನು ಅನ್ವಯಿಸುವುದು ಉಪಯುಕ್ತವೇ. ಆದರೆ ಇಲ್ಲಿ ಕಥೆಯ ಕೀಲು ಇರುವುದು ಆಕೆ ಆಡಿದ ಮಾತಿನಲ್ಲಿ ಮಾತ್ರವಲ್ಲ, ಆಡಲು ಒಪ್ಪದ ಆ ಒಂದು ಮಾತಿನಲ್ಲಿ. ಭಾಷೆ ಕೊಡು ಎಂಬ ಒತ್ತಾಯ ಪಠ್ಯದಲ್ಲಿ ಎಣಿಸಲು ಸಿಗುತ್ತದೆ. ಕೊಡದ ಭಾಷೆ ಸಿಗುವುದಿಲ್ಲ. ಪ್ರಕಟ ವಸ್ತುವಿಗಷ್ಟೇ ಕಟ್ಟುಬಿದ್ದ ವಿಧಾನಕ್ಕೆ ನಿರಾಕರಣೆಯು ಶೂನ್ಯವಾಗಿ ಕಾಣುತ್ತದೆ. ಆದುದರಿಂದ ಈ ಸಾಲಿನಲ್ಲಿ ಘಟಕವಾಗಿ ಪದವನ್ನಲ್ಲ, ಬೇಡಿಕೆ ಮತ್ತು ಉತ್ತರ ಎಂಬ ಜೋಡಿಯನ್ನು ಹಿಡಿಯುವುದು ಲೇಸು. ಎಷ್ಟು ಬೇಡಿಕೆಗಳು, ಅವುಗಳಲ್ಲಿ ಒಪ್ಪಿತವಾದವು ಎಷ್ಟು, ನಿರಾಕೃತವಾದವು ಎಷ್ಟು, ಮೌನಕ್ಕೆ ಎದುರಾದವು ಎಷ್ಟು ಎಂದು ಲೆಕ್ಕಹಾಕಿದರೆ ಮೌನಕ್ಕೂ ಒಂದು ಕಾಲಂ ದೊರೆಯುತ್ತದೆ. ಹೆಣ್ಣುಮಕ್ಕಳ ಮುಂದೆ ಹಾಡುವಾಗ ಮತ್ತು ಗಂಡಸರೇ ಹೆಚ್ಚಿರುವೆಡೆ ಹಾಡುವಾಗ ಈ ಜೋಡಿಗಳ ಹಂಚಿಕೆ ಬದಲಾಗುತ್ತದೆಯೇ ಎಂಬುದು ಕ್ಷೇತ್ರಕಾರ್ಯದಿಂದ ಉತ್ತರಿಸಬಹುದಾದ, ಉತ್ತರಿಸಲೇಬೇಕಾದ ಪ್ರಶ್ನೆ. ನೀಲೇಗೌಡ ಸಂಕಮ್ಮರು ಸೋಲಿಗರು. ಕಾರಯ್ಯನನ್ನು ಸೋಲಿಗರು ಇಂದಿಗೂ ಪೂಜಿಸುತ್ತಾರೆ. ದೇವರಗುಡ್ಡರು ಹಾಡುವ ಸೋಲಿಗರ ಕಥೆಯನ್ನು ಸೋಲಿಗರೇ ಹೇಳುವ ಕಥೆಯೊಡನೆ ಇಟ್ಟು ನೋಡದ ಹೊರತು ಈ ವಿಶ್ಲೇಷಣೆ ಅರ್ಧವೇ.

ಸೂತ್ರಾತ್ಮಕತೆಯ ಎಣಿಕೆಯ ಬಗ್ಗೆ ಒಂದು ಮಾತು. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯದ ಗಾಯಕರಲ್ಲಿ ಕಂಡ ಸೂತ್ರಪದಗಳ ಪ್ರಮಾಣವನ್ನು ಮೌಖಿಕತೆಯ ಪುರಾವೆಯಾಗಿ ಬಳಸಿದರು. ನಮ್ಮಲ್ಲಿ ಛಂದಸ್ಸಿನ ಕಟ್ಟು ಅಷ್ಟು ಬಿಗಿಯಲ್ಲದ್ದರಿಂದ ಅವರ ವ್ಯಾಖ್ಯೆಯನ್ನು ಯಥಾವತ್ತಾಗಿ ತರಲಾಗದು. ಏಳು ಮಲೆ, ಎಪ್ಪತ್ತೇಳು ಮಲೆ ಎಂಬಂಥ ಪ್ರಯೋಗಗಳನ್ನು ಭೂಗೋಳದ ಮಾಹಿತಿಯೆಂದು ಕೋಷ್ಟಕಕ್ಕೆ ಏರಿಸಿದ ಪ್ರಬಂಧಗಳೂ ಬಾರದಿರಲಿ. ಅಲ್ಲಿ ಕಾವ್ಯ ಎಣಿಸುತ್ತಿಲ್ಲ, ಹೊಗಳುತ್ತಿದೆ.

ಚಿಕ್ಕಲ್ಲೂರು: ಬಲಿಯೋ, ಪಂಕ್ತಿಯೋ?

ವಿಧಾನದ ಚರ್ಚೆ ಕೇವಲ ವಿದ್ವತ್ತಿನ ಚರ್ಚೆಯಾಗಿ ಉಳಿಯದೆ ಜನರ ಬದುಕಿಗೆ ತಾಗುವುದು ಚಿಕ್ಕಲ್ಲೂರು ಜಾತ್ರೆಯ ವರದಿಗಾರಿಕೆಯಲ್ಲಿ. ಸಾಮಾನ್ಯವಾಗಿ ಜನವರಿಯ ಹುಣ್ಣಿಮೆಯಂದು ಚಂದ್ರಮಂಡಲ ಸೇವೆಯಿಂದ ಆರಂಭವಾಗಿ ದೊಡ್ಡವರ ಸೇವೆ, ಮುಡಿಸೇವೆ, ಪಂಕ್ತಿಸೇವೆ, ಮುತ್ತತ್ತಿರಾಯನ ಸೇವೆ ಎಂದು ಐದು ದಿನ ನಡೆಯುವ ಈ ಜಾತ್ರೆಗೆ ಒಕ್ಕಲುಗಳು ಸಂಸಾರ ಸಮೇತ ಬಂದು ಬಿಡಾರ ಹೂಡುತ್ತಾರೆ. ಪಂಕ್ತಿಸೇವೆಯಂದು ಬಿಡಾರಗಳಲ್ಲಿ ಮಾಂಸದಡುಗೆ ಮಾಡಿ ಜಾತಿಭೇದವಿಲ್ಲದೆ ಸಾಲಾಗಿ ಕುಳಿತು ಉಣ್ಣುವುದು ರೂಢಿ. 1959ರ ಕರ್ನಾಟಕ ಪ್ರಾಣಿಬಲಿ ಪ್ರತಿಬಂಧಕ ಅಧಿನಿಯಮದ ಆಧಾರದ ಮೇಲೆ 2010ರ ದಶಕದಲ್ಲಿ ಇಲ್ಲಿ ಪ್ರಾಣಿವಧೆಗೆ ನಿರ್ಬಂಧ ವಿಧಿಸುವ ಪ್ರಯತ್ನಗಳು ಬಿಗಿಯಾದವು. ದೇವರ ಮುಂದೆ ಬಲಿ ಕೊಡುವ ಪದ್ಧತಿಯೇ ಇಲ್ಲಿಲ್ಲ, ಇರುವುದು ಸಹಭೋಜನ ಎಂಬುದು ಒಕ್ಕಲಿನವರ ಹಾಗೂ ಅವರನ್ನು ಬೆಂಬಲಿಸಿದ ಲೇಖಕರ ವಾದ. ವಿವಾದದ ತಿರುಳು ಒಂದು ಪದದಲ್ಲಿದೆ: ನಡೆಯುತ್ತಿರುವುದು 'ಬಲಿ'ಯೋ, 'ಪಂಕ್ತಿಸೇವೆ'ಯೋ? ಕಾನೂನು ಮುಟ್ಟುವುದು ಮೊದಲನೆಯದನ್ನು ಮಾತ್ರ.

ಪತ್ರಿಕೆಯು ಶೀರ್ಷಿಕೆಯಲ್ಲಿ ಯಾವ ಪದವನ್ನು ಬಳಸುತ್ತದೆಂಬುದು ಆದುದರಿಂದ ಶೈಲಿಯ ಪ್ರಶ್ನೆಯಲ್ಲ. ಇಲ್ಲಿ ಪರಿಮಾಣಾತ್ಮಕ ವಿಶ್ಲೇಷಣೆ ತನ್ನ ಪೂರ್ಣ ಬಲ ತೋರಬಲ್ಲದು. ನಿರ್ದಿಷ್ಟ ವರ್ಷಗಳ ಜನವರಿ ತಿಂಗಳ ಎಲ್ಲ ವರದಿಗಳನ್ನೂ ಸಂಗ್ರಹಿಸಿ, ಶೀರ್ಷಿಕೆ ಮತ್ತು ಒಡಲುಗಳನ್ನು ಪ್ರತ್ಯೇಕ ಘಟಕಗಳಾಗಿ ಹಿಡಿದು, ಪ್ರಾಣಿಬಲಿ, ಪ್ರಾಣಿವಧೆ, ಮಾಂಸಾಹಾರ, ಪಂಕ್ತಿಸೇವೆ, ಸಹಪಂಕ್ತಿ ಭೋಜನ ಎಂಬ ಪದಗಳು ಬಂದೆಡೆಯನ್ನೂ, ಅಭಿಪ್ರಾಯ ಯಾರದೆಂದು ದಾಖಲಾಗಿದೆ ಎಂಬುದನ್ನೂ ಗುರುತಿಸಬೇಕು. ಅಧಿಕಾರಿ, ಪೊಲೀಸ್, ಪ್ರಾಣಿದಯಾ ಕಾರ್ಯಕರ್ತ, ಮಠದವರು, ನೀಲಗಾರ, ಒಕ್ಕಲಿನವನು ಇವರಲ್ಲಿ ಯಾರ ಮಾತಿಗೆ ಎಷ್ಟು ಎಡೆ ದೊರೆತಿದೆ ಎಂಬ ಲೆಕ್ಕವನ್ನು ಯಾವ ರಸಗ್ರಹಣವೂ ಕೊಡಲಾರದು. ಅಧ್ಯಯನಕಾರನ ಒಲವು ಎತ್ತಲೇ ಇರಲಿ, ಎಣಿಕೆ ಅವನನ್ನು ಕಟ್ಟಿಹಾಕುತ್ತದೆ.

ಆದರೆ ಒಬ್ಬನೇ ಕುಳಿತು ಎಣಿಸಿದ್ದು ಸಾಲದು. ಇಬ್ಬರು ಪರಸ್ಪರ ಸಮಾಲೋಚಿಸದೆ ಅದೇ ವರದಿಗಳನ್ನು ವರ್ಗೀಕರಿಸಬೇಕು. ಉದಾಹರಣೆಗೆಂದು ಕಲ್ಪಿಸಿಕೊಳ್ಳೋಣ: 100 ವರದಿಗಳಲ್ಲಿ ಇಬ್ಬರೂ 70-70ನ್ನು 'ಬಲಿ'ಯ ಚೌಕಟ್ಟಿನವೆಂದು ಗುರುತಿಸಿದರು, ಒಟ್ಟು 80 ವರದಿಗಳಲ್ಲಿ ಅವರ ತೀರ್ಪು ಒಂದೇ. ಶೇಕಡ 80 ಸಹಮತ ಎಂದರೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಇಬ್ಬರೂ ಕಣ್ಣುಮುಚ್ಚಿ ಅದೇ ಪ್ರಮಾಣದಲ್ಲಿ ಹಂಚಿದ್ದರೂ 49 ವರದಿಗಳಲ್ಲಿ 'ಬಲಿ' ಎಂದೂ 9ರಲ್ಲಿ 'ಬಲಿಯಲ್ಲ' ಎಂದೂ, ಒಟ್ಟು 58ರಲ್ಲಿ ಸಹಮತ ಆಕಸ್ಮಿಕವಾಗಿಯೇ ಬರುತ್ತಿತ್ತು. ಈ ಆಕಸ್ಮಿಕವನ್ನು ಕಳೆದು ಲೆಕ್ಕ ಹಾಕುವ ಕೋಹೆನ್ ಅವರ ಕಪ್ಪಾ ಮಾನದಲ್ಲಿ (1960) ಉಳಿಯುವುದು ಉಳಿದ 42ರಲ್ಲಿ 22, ಅಂದರೆ 0.52. ಇದು ತೃಪ್ತಿಕರವಲ್ಲ. ಆಗ ಸಂಕೇತಕಾರರನ್ನು ದೂರುವ ಬದಲು ಭಿನ್ನಮತ ಬಂದ ಆ 20 ವರದಿಗಳನ್ನು ಮುಂದಿಟ್ಟುಕೊಂಡು ಓದುವುದು ಹೆಚ್ಚು ಫಲಕಾರಿ. ಶೀರ್ಷಿಕೆಯಲ್ಲಿ ಬಲಿ, ಒಡಲಿನಲ್ಲಿ ಪಂಕ್ತಿಸೇವೆ ಎಂದಿರುವ ವರದಿಗಳು ಅಲ್ಲಿರುವ ಸಾಧ್ಯತೆ ಹೆಚ್ಚು. ಒಂದನ್ನು ಬರೆದವರು ಊರಿನ ವರದಿಗಾರರು, ಇನ್ನೊಂದನ್ನು ಕೊಟ್ಟವರು ಕಚೇರಿಯ ಉಪಸಂಪಾದಕರು ಆಗಿರಬಹುದು. ಸಂದರ್ಶನದ ಅಗತ್ಯ ಹುಟ್ಟುವುದು ಇಲ್ಲಿ. ಗುಣಾತ್ಮಕ ವಿಧಾನವು ಎಣಿಕೆಗೆ ಅಲಂಕಾರವಾಗಿಯಲ್ಲ, ಎಣಿಕೆಯೇ ಕರೆದದ್ದರಿಂದ ಬರುತ್ತದೆ. ಸ್ವೀಡನ್ನಿನ ಪಂಡಿತರು ಜಗಳವಾಡಿ ತಲುಪಿದ ಸ್ಥಳವೂ ಇದೇ.

ನೀಲಗಾರರ ಹಾಡಿನಲ್ಲಿ ಈ ವಿವಾದಕ್ಕೆ ನೇರ ಉತ್ತರ ಹುಡುಕುವ ಪ್ರಲೋಭನೆಯಿಂದ ಮಾತ್ರ ದೂರವಿರಬೇಕು. ಹಲಗೂರಿನ ಪಾಂಚಾಳರ ಬಳಿ ಕಬ್ಬಿಣ ಬೇಡಲು ಹೋದ ಸಿದ್ದಪ್ಪಾಜಿಯ ಕಥೆ ಕಾನೂನಿನ ಪುರಾವೆಯಾಗಲೆಂದು ಹುಟ್ಟಿದ್ದಲ್ಲ. ಒಕ್ಕಲು, ಬಿಡಾರ, ಸೇವೆ ಎಂಬ ಶಬ್ದಗಳಿಗೆ ಈ ಪರಂಪರೆಯಲ್ಲಿರುವ ಅರ್ಥವಲಯವನ್ನು ಅದು ತಿಳಿಸುತ್ತದೆ. ಸಂಕೇತ ಕೈಪಿಡಿಯಲ್ಲಿ 'ಸೇವೆ' ಎಂಬ ವರ್ಗವನ್ನು ಬರೆಯುವವನು ಆ ಅರ್ಥವಲಯವನ್ನು ಅರಿತಿರಬೇಕು.

ಕೊನೆಯದಾಗಿ ಆಕರಗಳ ವಿಷಯ. ಕೊಳ್ಳೇಗಾಲವು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅನಂತರ ಮೈಸೂರು ಜಿಲ್ಲೆಗೆ, 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿತು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಆದುದರಿಂದ ಸ್ಥಳನಾಮದಿಂದ ಆಕರ ಹುಡುಕುವವರು ನಾಲ್ಕೂ ಶೀರ್ಷಿಕೆಗಳಡಿ ನೋಡಬೇಕಾಗುತ್ತದೆ. ದಿನಪತ್ರಿಕೆಗಳ ವಿಷಯದಲ್ಲಿ, ಜಾತ್ರೆಯ ವಿವರವಾದ ವರದಿ ಬರುವುದು ಜಿಲ್ಲಾ ಪುಟಗಳಲ್ಲಿ ಹಾಗೂ 'ಆಂದೋಲನ'ದಂಥ ಮೈಸೂರಿನ ಪತ್ರಿಕೆಗಳಲ್ಲಿ. ಬೆಂಗಳೂರು ಆವೃತ್ತಿಯನ್ನಷ್ಟೇ ಕಟ್ಟು ಹಾಕಿಸಿಟ್ಟ ಗ್ರಂಥಾಲಯದಲ್ಲಿ ಕುಳಿತು ಎಣಿಸಿದವನಿಗೆ ಚಿಕ್ಕಲ್ಲೂರು ವಿವಾದದ ವರ್ಷಗಳಲ್ಲಿ ಮಾತ್ರ ಕಾಣಿಸಿಕೊಳ್ಳುವ ಊರಾಗಿ ತೋರುವ ಅಪಾಯವಿದೆ. ಯಾವ ಆವೃತ್ತಿಯನ್ನು ನೋಡಲಾಯಿತೆಂಬುದನ್ನು ಪ್ರಬಂಧದಲ್ಲಿ ನಮೂದಿಸುವುದರ ಜೊತೆಗೆ, ಜಿಲ್ಲಾ ಪುಟಗಳನ್ನೂ ಗಾಯಕರ ಧ್ವನಿಸುರುಳಿಗಳನ್ನೂ ಒಂದೇ ಸೂಚಿಯಡಿ ತರುವ ಕೆಲಸವನ್ನು ಜಿಲ್ಲೆಯ ಗ್ರಂಥಾಲಯಗಳು ಕೈಗೆತ್ತಿಕೊಳ್ಳಬಹುದಾಗಿದೆ.